ಮಾತಿಲ್ಲದ ಮೂರು ನಿಮಿಷ ನಲವತ್ತು ಸೆಕೆಂಡು

ಸಿನಿಮಾ ಕೆಲಸದವರೆಲ್ಲ ಅವನನ್ನು ಕಿವಿಯಪ್ಪ ಎಂದೇ ಕರೆಯುತ್ತಿದ್ದರು. ಎರಡು ಗೋಡೆಗಳಾಚೆ ತಿರುಗುವ ಫ್ಯಾನಿನ ಬೇರಿಂಗು ಸವೆದಿದೆಯೋ ಇಲ್ಲವೋ ಎಂದು ಕೂತಲ್ಲಿಂದಲೇ ಹೇಳುವ ಕಿವಿ ಅವನದು. ಇಪ್ಪತ್ತಾರು ವರ್ಷಗಳಿಂದ ಸಿನಿಮಾಗಳಿಗೆ ಸದ್ದು ಜೋಡಿಸುವುದೇ ಕಸುಬು. ತೆರೆಯ ಮೇಲೆ ನಾಯಕ ಯಾರದೋ ಕೆನ್ನೆಗೆ ಬಾರಿಸಿದರೆ, ಅದು ಕಿವಿಯಪ್ಪ ಒದ್ದೆ ಟವೆಲನ್ನು ಮೇಜಿಗೆ ಬಡಿದ ಸದ್ದು. ನಾಯಕಿ ಒಣಗಿದೆಲೆಗಳ ಮೇಲೆ ನಡೆದು ಹೋದರೆ, ಅದು ಅವನು ಹಳೆಯ ಕ್ಯಾಸೆಟ್ಟಿನ ಟೇಪಿನ ರಾಶಿಯನ್ನು ಮುಷ್ಟಿಯಲ್ಲಿ ಹಿಸುಕಿದ್ದು. ಸುಳ್ಳು ಸದ್ದೇ ನಿಜವಾದದ್ದಕ್ಕಿಂತ ಚೆನ್ನಾಗಿ ಕೇಳುತ್ತದೆ ಎಂಬುದರಲ್ಲಿ ಅವನಿಗೆ ನಾಚಿಕೆಯೇನೂ ಇರಲಿಲ್ಲ. ಜನ ನಂಬುತ್ತಿದ್ದರು, ಅಷ್ಟು ಸಾಕಿತ್ತು.

ಆ ವರ್ಷ ಅವನ ಕೈಗೆ ಬಂದದ್ದು ಒಂದು ಶಾಂತವಾದ ಸಿನಿಮಾ. ಹೊಡೆದಾಟವಿಲ್ಲ, ಹಾಡಿಲ್ಲ, ಓಡುವವರಿಲ್ಲ. ಒಂದು ಊರು, ಅಲ್ಲೊಂದು ಪ್ರಾರ್ಥನಾಲಯ, ಅದಕ್ಕೊಬ್ಬ ಮುದಿ ಕಾವಲುಗಾರ. ಊರಿಗೆಲ್ಲ ಅವನೇ ದೊಡ್ಡ ಭಕ್ತ. ಅವನು ಕಣ್ಣು ಮುಚ್ಚಿ ಕೂತರೆ ಮಕ್ಕಳು ಸಹ ಪಿಸುಗುಡುತ್ತಿರಲಿಲ್ಲ. ಕೊನೆಗೊಂದು ದಿನ ಆ ಕಾವಲುಗಾರ ಗುರುಗಳ ಕೋಣೆಗೆ ಹೋಗಿ, ಎದುರಿನ ಕುರ್ಚಿಯಲ್ಲಿ ಕೂತು, ತನ್ನ ಭಕ್ತಿ ಸುಳ್ಳೆಂದು ಒಪ್ಪಿಕೊಳ್ಳುತ್ತಾನೆ. ಇಡೀ ಸಿನಿಮಾ ಆ ಮೂರು ನಿಮಿಷ ನಲವತ್ತು ಸೆಕೆಂಡಿಗಾಗಿ ಕಾದು ಕೂತಿತ್ತು.

ಅದರ ನಿರ್ದೇಶಕನಿಗೆ ಮೌನವೆಂದರೆ ಪಂಚಪ್ರಾಣ. ಮೌನದ ಬಗ್ಗೆ ಅವನು ಎರಡು ಗಂಟೆ ಎಡೆಬಿಡದೆ ಮಾತಾಡಬಲ್ಲವನಾಗಿದ್ದ. ಊಟಕ್ಕೆ ಕೂತರೂ ಮಾತು, ಕೈ ತೊಳೆಯುವಾಗಲೂ ಮಾತು, ಬಾಯಿ ಮುಕ್ಕಳಿಸುವಷ್ಟು ಹೊತ್ತು ಮಾತ್ರ ಬಿಡುವು.

ಸಂಭಾಷಣೆ ಬರೆದವರು ಕಿವಿಯಪ್ಪನ ಮಾವ. ಹೆಂಡತಿಯ ತಂದೆ, ಮುದ್ರಣಾಲಯವೊಂದರಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿ ನಿವೃತ್ತರಾದವರು. ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯ ಮುಂಗೋಣೆಗೆ ಬಂದು ಸೇರಿದ್ದರು. ಬೆಳಿಗ್ಗೆ ಅರ್ಧ ಗಂಟೆ ಕಿಟಕಿಯ ಬಳಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂರುವುದು, ಉಳಿದ ಹೊತ್ತು ಬೇರೆಯವರು ಅಚ್ಚು ಹಾಕಿಸಿದ್ದರಲ್ಲಿ ತಪ್ಪು ಹುಡುಕುವುದು, ಇಷ್ಟೇ ದಿನಚರಿ. ಕಿವಿಯಪ್ಪನನ್ನು ನೋಡಲು ಮನೆಗೆ ಬಂದ ನಿರ್ದೇಶಕ ಈ ಮುದುಕರ ಮಾತು ಕೇಳಿ, "ನೀವೇ ಬರೀರಿ ಸರ್, ನಮ್ಮ ಕಾವಲುಗಾರ ನಿಮ್ಮ ಹಾಗೇ ಮಾತಾಡ್ಬೇಕು" ಎಂದು ದುಂಬಾಲು ಬಿದ್ದಿದ್ದ. ಮಾವ ಉಳಿದ ದೃಶ್ಯಗಳನ್ನೆಲ್ಲ ಹದಿನೈದು ದಿನಗಳಲ್ಲಿ ಬರೆದು ಮುಗಿಸಿದರು. ಆ ಒಂದು ದೃಶ್ಯಕ್ಕೆ ಎಂಟು ತಿಂಗಳು ತೆಗೆದುಕೊಂಡರು.

ಅನಾಹುತವಾದದ್ದು ಕೊನೆಯ ವಾರ.

ಕಿವಿಯಪ್ಪನ ಕೋಣೆ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಗೋಡೆಗೆಲ್ಲ ಕಪ್ಪು ಸ್ಪಂಜು, ಮುಂದೊಂದು ತೆರೆ, ಉದ್ದನೆಯ ಮೇಜಿನ ಮೇಲೆ ಸಾಲುಸಾಲು ಗುಂಡಿಗಳು. ಮಾತಿಗೊಂದು ಟ್ರ್ಯಾಕು, ಹೆಜ್ಜೆಗೊಂದು, ಗಾಳಿಗೊಂದು, ಕುರ್ಚಿಯ ಕಿರ್ ಎನ್ನುವ ಸದ್ದಿಗೊಂದು. ಆ ಕುರ್ಚಿಯ ಸದ್ದು ನಿರ್ದೇಶಕನಿಗೆ ಸರಿ ಬರುತ್ತಿರಲಿಲ್ಲ.

"ಈ ಕುರ್ಚಿಯಲ್ಲಿ ಪಶ್ಚಾತ್ತಾಪ ಇಲ್ಲ" ಎಂದ.

ಕಿವಿಯಪ್ಪ ಮನೆಯ ಊಟದ ಮೇಜಿನ ಕುರ್ಚಿಯನ್ನೇ ಹೊತ್ತು ತಂದು, ಅದರ ಮೇಲೆ ಕೂತು ಎದ್ದು ಹೊಸ ಸದ್ದು ಹಿಡಿದ. ಕುರ್ಚಿಯ ಸದ್ದು ಸ್ಪಷ್ಟವಾಗಿ ಕೇಳಿಸಲೆಂದು ಆ ದೃಶ್ಯದ ಮಾತಿನ ಟ್ರ್ಯಾಕನ್ನು ಮ್ಯೂಟ್ ಮಾಡಿದ. ಗುಂಡಿಯ ಪಕ್ಕ ಪುಟ್ಟ ಕೆಂಪು ದೀಪ ಹೊತ್ತಿತು. ನಿರ್ದೇಶಕ ಕಣ್ಣು ಮುಚ್ಚಿ ಕೇಳಿ, "ಆಹಾ, ಇದು ಪಶ್ಚಾತ್ತಾಪ" ಎಂದ. ಆಮೇಲೆ ಮರ ಎನ್ನುವ ವಸ್ತುವಿನೊಳಗಿನ ಮೌನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ. ಅಷ್ಟರಲ್ಲಿ ಊಟ ತಣ್ಣಗಾಯಿತು, ಕಿವಿಯಪ್ಪನ ತಲೆ ಬಿಸಿಯಾಯಿತು. ಸಂಜೆಯೊಳಗೆ ಸಿನಿಮಾದ ಪ್ರತಿ ಕಳಿಸಬೇಕಿತ್ತು. ಊಟ ಮುಗಿಸಿ ಬಂದವನು ಎಲ್ಲ ಸರಿಯಿದೆಯೆಂದುಕೊಂಡು ಪ್ರತಿ ತೆಗೆದು ಕಳಿಸಿಬಿಟ್ಟ.

ಕಳಿಸುವ ಮುನ್ನ ಮೊದಲಿಂದ ಕೊನೆಯವರೆಗೆ ಒಮ್ಮೆ ಕೇಳುವುದು ಅವನ ಇಪ್ಪತ್ತಾರು ವರ್ಷಗಳ ಪದ್ಧತಿ. ಆ ದಿನ ಕೇಳಲಿಲ್ಲ. ಬೆಳಗಿನಿಂದ ಕೇಳಿದ್ದೇ ಸಾಕಾಗಿತ್ತು. ನಿರ್ದೇಶಕನಂತೂ ತನ್ನ ಸಿನಿಮಾವನ್ನು ತಾನು ನೋಡುವವನೇ ಅಲ್ಲ. "ನನಗಾಗಲ್ಲ, ಮಗಳನ್ನ ಗಂಡನ ಮನೇಲಿ ಕದ್ದು ನೋಡಿದ ಹಾಗೆ" ಎನ್ನುತ್ತಿದ್ದ. ಅವನಿಗೆ ಮಗಳೂ ಇರಲಿಲ್ಲ, ಮದುವೆಯೂ ಆಗಿರಲಿಲ್ಲ.

ಮೊದಲ ಪ್ರದರ್ಶನ ವಿಮರ್ಶಕರಿಗೆ. ಬೆಳಿಗ್ಗೆ ಹನ್ನೊಂದಕ್ಕೆ, ಅರವತ್ತು ಸೀಟಿನ ಸಣ್ಣ ಹಾಲಿನಲ್ಲಿ. ಕೊನೆಯ ಸಾಲಿನಲ್ಲಿ ಕಿವಿಯಪ್ಪ, ಪಕ್ಕದಲ್ಲಿ ಅವನ ಹೆಂಡತಿ, ಅವಳ ಪಕ್ಕ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾವ. ಮಾವ ಯಾಕೋ ಬೆಳಗಿನಿಂದ ಒಂದು ಕಡೆ ನಿಂತಿರಲಿಲ್ಲ. ಹೊರಡುವ ಮುನ್ನ ಮೂರು ಸಲ ಕನ್ನಡಕ ಒರೆಸಿದ್ದರು. ನಿರ್ದೇಶಕ ಹೊರಗಿನ ಮೊಗಸಾಲೆಯಲ್ಲಿ ಶತಪಥ ಹಾಕುತ್ತಿದ್ದ.

ಸಿನಿಮಾ ಚೆನ್ನಾಗಿಯೇ ಹೋಗುತ್ತಿತ್ತು. ಇಬ್ಬರು ವಿಮರ್ಶಕರು ಮಾತ್ರ ನಿದ್ದೆ ಮಾಡುತ್ತಿದ್ದರು. ಶಾಂತವಾದ ಸಿನಿಮಾಕ್ಕೆ ಅದು ಒಳ್ಳೆಯ ಲೆಕ್ಕವೇ. ಕೊನೆಗೆ ಆ ದೃಶ್ಯ ಬಂತು. ಕ್ಯಾಮೆರಾವನ್ನು ಬಾಗಿಲಾಚೆ ಇಟ್ಟಿದ್ದರು. ಅರೆ ತೆರೆದ ಬಾಗಿಲಿನಿಂದ ಕಾವಲುಗಾರನ ಮುಖ ಓರೆಯಾಗಿ ಕಾಣುತ್ತಿತ್ತು. ಅವನು ಕುರ್ಚಿಯಲ್ಲಿ ಕೂತ. ಕುರ್ಚಿ ಕಿರ್ ಎಂದಿತು. ಎಲ್ಲೋ ನಲ್ಲಿಯಿಂದ ಹನಿ ಬಿತ್ತು. ಅವನ ತುಟಿ ಅಲುಗಿತು. ಮಾತು ಕೇಳಲಿಲ್ಲ.

ಕಿವಿಯಪ್ಪ ಸೀಟಿನ ತುದಿಗೆ ಸರಿದ. ತುಟಿ ಮತ್ತೆ ಅಲುಗಿತು. ನಲ್ಲಿಯ ಹನಿ, ಹೊರಗೊಂದು ಹಕ್ಕಿ, ಗುರುಗಳ ಉಸಿರು, ಎಲ್ಲವೂ ಇವೆ. ತಾನು ಹಿಡಿದ ಒಂದೊಂದು ಸದ್ದೂ ಚೊಕ್ಕವಾಗಿ ಕೇಳುತ್ತಿದೆ. ಮಾತು ಮಾತ್ರ ಇಲ್ಲ. ಮೇಜಿನ ಮೇಲಿನ ಆ ಪುಟ್ಟ ಕೆಂಪು ದೀಪ ಅವನ ಕಣ್ಣ ಮುಂದೆ ಬಂದು ನಿಂತಿತು. ಈಗ ಯಾರೋ ಕೂಗುತ್ತಾರೆ, ಈಗ ಯಾರೋ ಶಿಳ್ಳೆ ಹೊಡೆಯುತ್ತಾರೆ ಎಂದು ಕಾದ. ಯಾರೂ ಉಸಿರೆತ್ತಲಿಲ್ಲ. ಮುಂದಿನ ಸಾಲಿನಲ್ಲೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿದ್ದೆ ಮಾಡುತ್ತಿದ್ದವರಲ್ಲೊಬ್ಬರು, ಹಾಲಿನಲ್ಲಿ ಇದ್ದಕ್ಕಿದ್ದಂತೆ ಸದ್ದಡಗಿದ್ದಕ್ಕೋ ಏನೋ, ಎಚ್ಚೆತ್ತು ನೆಟ್ಟಗೆ ಕೂತರು. ತಾವು ಬಹಳ ಮುಖ್ಯವಾದ ಹೊತ್ತಿಗೆ ಎಚ್ಚರಾಗಿದ್ದೇವೆಂದು ಅವರ ಮುಖದಲ್ಲೇ ಬರೆದಿತ್ತು.

ಮಾವನ ಕಡೆ ತಿರುಗಿ ನೋಡುವ ಧೈರ್ಯ ಕಿವಿಯಪ್ಪನಿಗಾಗಲಿಲ್ಲ.

ಸಿನಿಮಾ ಮುಗಿದು ಬಾಗಿಲು ತೆರೆದದ್ದೇ ತಡ, ವಿಮರ್ಶಕರು ನಿರ್ದೇಶಕನನ್ನು ಮುತ್ತಿಕೊಂಡರು. "ಆ ಮೌನ ಇದೆಯಲ್ಲ" ಎಂದು ಒಬ್ಬರು ಅವನ ಎರಡೂ ಕೈ ಹಿಡಿದುಕೊಂಡರು. ಮುಂದೆ ಮಾತೇ ಹೊರಡಲಿಲ್ಲ. ಯಾವ ಮೌನ ಎಂದು ನಿರ್ದೇಶಕನಿಗೆ ತಿಳಿಯದು. ಆದರೆ ಮೌನವೆಂದ ಮೇಲೆ ಅದು ತನ್ನದೇ ಇರಬೇಕೆಂದು ನಂಬಿ, ತಲೆ ಬಾಗಿಸಿ, "ತುಂಬಾ ಕಷ್ಟಪಟ್ಟೆ ಅದಕ್ಕೆ" ಎಂದ.

ಹೆಂಡತಿ ತಂದೆಯನ್ನು ಕೇಳಿದಳು. "ಅಪ್ಪ, ಅಲ್ಲಿ ಆ ಮುದುಕ ಏನು ಹೇಳಿದ?"

"ಏನೋ ಹೇಳಿದ" ಎಂದರು ಮಾವ. "ಹೊಟ್ಟೆ ಹಸೀತಿದೆ, ನಡೀರಿ."

ಮನೆಗೆ ಬಂದು ಊಟಕ್ಕೆ ಕೂತರೆ ಕಿವಿಯಪ್ಪನಿಗೆ ತುತ್ತು ಇಳಿಯಲಿಲ್ಲ. ಮಾವ ಎರಡು ಸಲ ಬಡಿಸಿಕೊಂಡು ಉಂಡು, ಮುಂಗೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದವಳು. ಹಗಲೆಲ್ಲ ನೋವನ್ನು ಬಾಯಲ್ಲಿಟ್ಟುಕೊಂಡು ಬರುವವರನ್ನೇ ನೋಡಿದವಳಿಗೆ ಗಂಡನ ಮುಖ ತಿಳಿಯದೆ ಇರುತ್ತದೆಯೇ.

"ಏನಾಗಿದೆ ನಿಮಗೆ? ಬಾಯಿ ಬಿಡಿ" ಎಂದಳು.

ಬಿಟ್ಟ. ಮ್ಯೂಟ್ ಗುಂಡಿಯಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಕೇಳಿದಳು.

"ಅಂದ್ರೆ ಅಲ್ಲಿ ಮಾತಿತ್ತಾ?"

"ಎಂಟು ತಿಂಗಳು ಬರೆದ ಮಾತು ಕಣೇ."

"ಏನಿತ್ತು ಅದರಲ್ಲಿ?"

ಕಿವಿಯಪ್ಪ ಯೋಚಿಸಿದ. ಆ ಮಾತನ್ನು ಅವನು ಕಡಿಮೆಯೆಂದರೂ ಇನ್ನೂರು ಸಲ ಕೇಳಿದ್ದ. ಎಲ್ಲಿ 'ಸ' ಸೀಟಿ ಹೊಡೆದಿದೆ, ಎಲ್ಲಿ ನಟ ಉಗುಳು ನುಂಗಿದ್ದಾನೆ, ಎಲ್ಲಿ ಉಸಿರು ಮೈಕಿಗೆ ಬಡಿದಿದೆ, ಎಲ್ಲವೂ ಕಂಠಪಾಠ. ಏನು ಹೇಳಿದ ಎಂದು ಕೇಳಿದರೆ ಗಂಟಲಲ್ಲಿ ನಾಲ್ಕು ಪದ ಬರಲಿಲ್ಲ. "ಅದೇ, ಭಕ್ತಿ ಇಲ್ಲ ಅಂತೇನೋ" ಎಂದ.

"ಮೊದಲು ಅಪ್ಪಂಗೆ ಹೇಳಿ."

"ಮೊದಲು ನಿರ್ದೇಶಕರಿಗೆ ಹೇಳ್ತೀನಿ. ಸರಿ ಮಾಡಿ ಆದ್ಮೇಲೆ ಮಾವಂಗೆ ಹೇಳಿದ್ರಾಯ್ತು."

ಹೆಂಡತಿ ನಲ್ಲಿ ತಿರುಗಿಸಿದಳು.

ಮರುದಿನ ಪತ್ರಿಕೆಗಳು ಬಂದವು. ಒಬ್ಬರು ಬರೆದಿದ್ದರು, ಮಾತು ಮಂಡಿಯೂರಿದಲ್ಲಿ ದೇವರು ಎದ್ದು ನಿಲ್ಲುತ್ತಾನೆ ಎಂದು. ಇನ್ನೊಬ್ಬರು, ಕಾವಲುಗಾರ ಒಪ್ಪಿಕೊಳ್ಳುತ್ತಿರುವುದು ಒಂದು ಕೊಲೆಯನ್ನು, ಅದು ಅವನ ತುಟಿಯ ಎಡ ಮೂಲೆಯಲ್ಲಿ ಸ್ಪಷ್ಟವಾಗಿದೆ ಎಂದಿದ್ದರು. ಮೂರನೆಯವರ ಪ್ರಕಾರ ಕೊಲೆಯಲ್ಲ, ಗುರುಗಳ ಹೆಂಡತಿಯ ಮೇಲಿನ ಹಳೆಯ ಪ್ರೇಮ. ಎಚ್ಚೆತ್ತು ಕೂತಿದ್ದವರು ಎಲ್ಲರಿಗಿಂತ ಉದ್ದವಾಗಿ ಬರೆದು, ಕೊನೆಗೆ ಸಂಭಾಷಣೆಕಾರರನ್ನು ಹೊಗಳಿದ್ದರು. ಈ ಹಿರಿಯರ ದೊಡ್ಡತನ ಅವರು ಬರೆದದ್ದರಲ್ಲಿಲ್ಲ, ಬರೆಯದೆ ಬಿಟ್ಟದ್ದರಲ್ಲಿದೆ ಎಂದು.

ಮಾವ ಆ ಪತ್ರಿಕೆಯನ್ನು ಕಿಟಕಿಯ ಬಳಿ ಹಿಡಿದು ಓದಿ, ಪೆನ್ಸಿಲಿನಲ್ಲಿ ಎರಡು ಕಾಗುಣಿತದ ತಪ್ಪು ಗುರುತು ಮಾಡಿ ಮಡಿಚಿಟ್ಟರು.

ಕಿವಿಯಪ್ಪ ನಿರ್ದೇಶಕನ ಆಫೀಸಿಗೆ ಹೋದ. ಅಲ್ಲಿ ಕಾವಲುಗಾರನ ಪಾತ್ರ ಮಾಡಿದ ನಟನೂ ಕೂತಿದ್ದ. ಜೊತೆಗೆ ನಿರ್ಮಾಪಕಿ. ಪ್ಲಾಸ್ಟಿಕ್ ಪೈಪುಗಳ ಕಾರ್ಖಾನೆಯಿದ್ದ ಹೆಂಗಸು, ಕಲೆಯ ಬಗ್ಗೆ ಮಾತೆತ್ತಿದರೆ ಗೌರವದಿಂದ ಗಡಿಯಾರ ನೋಡುವವರು. ಇಬ್ಬರನ್ನೂ ಕಂಡು ಕಿವಿಯಪ್ಪನ ನಾಲಿಗೆ ಹಿಂದೆ ಸರಿಯಿತು. ಆದರೂ ಬಂದದ್ದಾಗಿದೆ ಎಂದು ನಿಂತೇ ಹೇಳಿದ.

"ಸರ್, ಅದು ಮೌನ ಅಲ್ಲ. ನಾನು ಮಾತಿನ ಟ್ರ್ಯಾಕ್ ಮ್ಯೂಟ್ ಮಾಡಿದ್ದೆ, ಮತ್ತೆ ತೆಗೆಯೋದು ಮರೆತೆ."

ನಿರ್ದೇಶಕನ ಮುಖ ಸುಣ್ಣವಾಯಿತು. "ಯಾವ ಟ್ರ್ಯಾಕು?"

"ತಪ್ಪೊಪ್ಪಿಗೆದು."

"ಪೂರ್ತಿ?"

"ಪೂರ್ತಿ."

ಕೋಣೆಯಲ್ಲಿ ನಿಜವಾದ ಮೌನ ಬಂದು ಕೂತಿತು. ನಿರ್ದೇಶಕನಿಗೆ ಅದು ಹಿಡಿಸಲಿಲ್ಲ. ಎದ್ದು ಬಾಗಿಲು ಹಾಕಿದ. "ಯಾರ್ಯಾರಿಗೆ ಗೊತ್ತು?"

"ನನಗೆ, ನನ್ನ ಹೆಂಡತಿಗೆ. ಈಗ ನಿಮಗೆ. ನಾಳೆಯೊಳಗೆ ಸರಿಯಾದ ಪ್ರತಿ ಕೊಡ್ತೀನಿ ಸರ್. ದಯವಿಟ್ಟು ಕ್ಷಮಿಸ್ಬೇಕು."

"ಇರಿ, ಇರಿ. ಅವಸರ ಬೇಡ" ಎಂದು ನಿರ್ದೇಶಕ ಕುರ್ಚಿಗೆ ಒರಗಿದ. ಸ್ವಲ್ಪ ಹೊತ್ತು ಮೇಲ್ಛಾವಣಿ ನೋಡಿದ. ಅವನ ಮುಖಕ್ಕೆ ಬಣ್ಣ ನಿಧಾನವಾಗಿ ಮರಳುವುದನ್ನು ಕಿವಿಯಪ್ಪ ನೋಡುತ್ತ ನಿಂತ. "ನಿಮಗೊಂದು ವಿಷಯ ಹೇಳ್ತೀನಿ. ಆ ದಿನ ನಾನು ನಿಮ್ಮ ಪಕ್ಕ ಕೂತು ಮೌನದ ಬಗ್ಗೆ ಮಾತಾಡ್ತಾ ಇದ್ದೆ, ಹೌದಾ?"

"ಹೌದು ಸರ್."

"ಯಾಕೆ ಮಾತಾಡ್ತಿದ್ದೆ ಅಂತ ಯೋಚನೆ ಮಾಡಿದ್ರಾ? ಆ ಮಾತು ತೆಗೀಬೇಕು ಅಂತ ನನ್ನೊಳಗೆ ಯಾವತ್ತೋ ಇತ್ತು. ಬಾಯಿಬಿಟ್ಟು ಹೇಳೋಕೆ ಆಗ್ತಿರಲಿಲ್ಲ. ನೀವು ಕೈಯಲ್ಲಿ ಮಾಡಿದ್ರಿ, ಅಷ್ಟೇ. ಕೈ ನಿಮ್ದು."

ನಟ ಕುರ್ಚಿಯ ತುದಿಗೆ ಬಂದ. "ನಿಜ ಹೇಳ್ಬೇಕು ಅಂದ್ರೆ ಶೂಟಿಂಗಲ್ಲೇ ನನಗೆ ಅನ್ನಿಸಿತ್ತು. ಮುಖದಲ್ಲೇ ಎಲ್ಲಾ ಬಂದ್ಮೇಲೆ ಮಾತ್ಯಾಕೆ ಅಂತ. ನೆನಪಿದೆಯಾ, ನಾನು ಅವತ್ತು ಹೇಳಿದ್ದೆ."

ಅವತ್ತು ಅವನು ಹೇಳಿದ್ದು ಇನ್ನೂ ಎರಡು ಸಾಲು ಜಾಸ್ತಿ ಬೇಕು ಎಂದು. ಅದಕ್ಕಾಗಿ ಒಂದು ಹಗಲು ಮುನಿಸಿಕೊಂಡು ಕೂತಿದ್ದ. ಅದು ಕಿವಿಯಪ್ಪನಿಗೆ ನೆನಪಿತ್ತು, ಆದರೆ ತಪ್ಪು ಮಾಡಿದವನು ಇನ್ನೊಬ್ಬರ ನೆನಪು ತಿದ್ದುವುದು ಹೇಗೆ ಎಂದು ಸುಮ್ಮನಾದ.

ನಿರ್ಮಾಪಕಿ ಗಡಿಯಾರ ನೋಡಿ, "ಚೆನ್ನಾಗಿದೆ ಅಂತ ಎಲ್ಲಾ ಬರೆದ ಮೇಲೆ ಅದನ್ನ ಯಾಕೆ ಕೆದಕ್ತೀರಿ? ಸೋರದೇ ಇರೋ ಪೈಪನ್ನ ಯಾರಾದ್ರೂ ಬಿಚ್ತಾರಾ?" ಎಂದರು.

ಟೀ ಮುಗಿಯುವಷ್ಟರಲ್ಲಿ ಮೌನಕ್ಕೆ ಮೂವರು ಹಕ್ಕುದಾರರಾಗಿದ್ದರು. ಕಿವಿಯಪ್ಪ ಹೊರಡಲು ತಿರುಗಿದಾಗ ನಿರ್ದೇಶಕ ಹೆಗಲ ಮೇಲೆ ಕೈಯಿಟ್ಟು, "ಇಷ್ಟು ಸಣ್ಣ ವಿಷಯಕ್ಕೆ ನಿದ್ದೆ ಕೆಡಿಸ್ಕೊಂಡ್ರಾ? ನಾನು ನಿಮ್ಮನ್ನ ಕ್ಷಮಿಸಿದೀನಿ, ಹೋಗಿ" ಎಂದ. ಎಲ್ಲ ಮುಗಿದ ಹಾಗಿತ್ತು. ಮೆಟ್ಟಿಲಿಳಿಯುವಾಗ ಕಿವಿಯಪ್ಪನಿಗೆ ಮೊದಲಿಗಿಂತ ಹೆಚ್ಚು ಭಾರವಾಗಿತ್ತು.

ಸಿನಿಮಾ ಬಿಡುಗಡೆಯಾಯಿತು, ಓಡಿತು. ಶಾಂತವಾದ ಸಿನಿಮಾ ಓಡುವುದೆಂದರೆ ನಡೆದಾಡಿದ ಹಾಗೆ, ಆದರೂ ನಾಲ್ಕು ವಾರ ನಡೆದಾಡಿತು. ಜನ ಆ ದೃಶ್ಯ ಬಂದಾಗ ಮೊಬೈಲು ಕೆಳಗಿಡುತ್ತಿದ್ದರಂತೆ. ಕಾವಲುಗಾರ ಏನು ಹೇಳಿದ ಎಂಬುದರ ಮೇಲೆ ಗಂಡ ಹೆಂಡಿರು ಜಗಳವಾಡಿಕೊಂಡು ಮನೆಗೆ ಹೋಗುತ್ತಿದ್ದರಂತೆ. ಕಿವಿಯಪ್ಪ ಮಾವನ ಎದುರು ಬೀಳದ ಹಾಗೆ ಓಡಾಡತೊಡಗಿದ. ಬೆಳಿಗ್ಗೆ ಬೇಗ ಹೊರಡುವುದು, ಊಟಕ್ಕೆ ಕೆಲಸದ ಕೋಣೆಯಲ್ಲೇ ಉಳಿಯುವುದು, ಮುಂಗೋಣೆ ದಾಟುವಾಗ ಫೋನ್ ಬಂದವನಂತೆ ಕಿವಿಗೆ ಹಿಡಿದುಕೊಳ್ಳುವುದು. ಒಮ್ಮೆ ಹೀಗೆ ಹಿಡಿದುಕೊಂಡಾಗಲೇ ಅದು ನಿಜವಾಗಿ ಬಡಿದುಕೊಂಡಿತು. ಮಾವ ಅದನ್ನು ಬಾಗಿಲಿಂದ ನೋಡಿದರು.

ಐದನೆಯ ವಾರ ಒಂದು ಸಂವಾದ ಏರ್ಪಾಡಾಯಿತು. ಮಧ್ಯಾಹ್ನ, ಒಂದು ಗ್ರಂಥಾಲಯದ ಸಭಾಂಗಣದಲ್ಲಿ. ವೇದಿಕೆಯ ಮೇಲೆ ನಿರ್ದೇಶಕ, ನಟ, ಊರಿನ ಪ್ರಾರ್ಥನಾಲಯವೊಂದರ ಹಿರಿಯರು, ಎಚ್ಚೆತ್ತು ಕೂತಿದ್ದ ಆ ವಿಮರ್ಶಕರು. ಮಾವನನ್ನೂ ಕರೆದಿದ್ದರು, ಅವರು ಮಂಡಿನೋವೆಂದು ಮನೆಯಲ್ಲೇ ಉಳಿದರು. ಕಿವಿಯಪ್ಪ ಮೂರನೆಯ ಸಾಲಿನಲ್ಲಿ ಕೂತಿದ್ದ.

ನಿರ್ದೇಶಕ ಮಾತಾಡಿದ. ಆ ದೃಶ್ಯದಲ್ಲಿ ಮಾತು ಬರೆಸಿ, ಆಡಿಸಿ, ಮುದ್ರಿಸಿ, ಕೊನೆಗೆ ತನ್ನ ಕೈಯಾರೆ ತೆಗೆದುಹಾಕಿದ ಆ ಸಂಜೆಯ ನೋವನ್ನು ಬಣ್ಣಿಸಿದ. ಬಣ್ಣಿಸುವಾಗ ಅವನ ಕಣ್ಣಲ್ಲಿ ನೀರು ಬಂತು. ಸುಳ್ಳಿಗೆ ಬಂದ ನೀರಲ್ಲ, ಅಷ್ಟರಲ್ಲಿ ಅವನು ಅದನ್ನು ನಂಬಿಬಿಟ್ಟಿದ್ದ. ಅದನ್ನು ನೋಡುತ್ತ ಕೂರಲು ಕಿವಿಯಪ್ಪನಿಗಾಗಲಿಲ್ಲ. ಅವನಿಗೇ ಅರಿವಿಲ್ಲದೆ ಎದ್ದು ನಿಂತಿದ್ದ. ಯಾರೋ ಮೈಕು ಕೈಗೆ ಕೊಟ್ಟರು. ಇಪ್ಪತ್ತಾರು ವರ್ಷ ಮೈಕಿನ ಈ ಕಡೆಗಿದ್ದವನು ಮೊದಲ ಸಲ ಆ ಕಡೆಗೆ ಬಂದ.

"ನಾನು ಈ ಸಿನಿಮಾದ ಸೌಂಡಿನವನು" ಎಂದ. "ಅದು ಯಾರ ಯೋಚನೆಯೂ ಅಲ್ಲ. ನನ್ನ ತಪ್ಪು. ಒಂದು ಗುಂಡಿ ಒತ್ತೋದು ಮರೆತೆ. ಅಲ್ಲಿ ಮಾತಿದೆ. ಒಳ್ಳೆ ಮಾತಿದೆ. ನಿಮಗ್ಯಾರಿಗೂ ಕೇಳಿಸಲಿಲ್ಲ, ಅಷ್ಟೇ. ಕ್ಷಮಿಸಿ."

ನಿರ್ದೇಶಕ ನೀರಿನ ಲೋಟ ಹಿಡಿದುಕೊಂಡ. ಆಗ ಪ್ರಾರ್ಥನಾಲಯದ ಹಿರಿಯರು ಮೆಲ್ಲಗೆ ಗಂಟಲು ಸರಿಮಾಡಿಕೊಂಡು, "ಇಂಥ ವಿನಯ ನಾನು ಎಷ್ಟೋ ವರ್ಷದಿಂದ ಕಂಡಿಲ್ಲ" ಎಂದರು. "ಮಾಡಿದ್ದು ಇವರೇ, ಆದರೂ ನಾನು ಮಾಡಲಿಲ್ಲ, ಮರೆತೆ ಅಂತಾರೆ. ಮರೆವು ಅಂದ್ರೇನು? ನಾನು ಅನ್ನೋದನ್ನ ಬದಿಗಿಡೋದು. ಅಲ್ಲೇ ಕೃಪೆ ಇಳಿಯೋದು."

ಚಪ್ಪಾಳೆ ಬಿತ್ತು. ಕಿವಿಯಪ್ಪ, "ಅಲ್ಲ ಸ್ವಾಮಿ, ನಿಜವಾಗ್ಲೂ ಮರೆತೆ. ಊಟದ ಹೊತ್ತಾಗಿತ್ತು" ಎಂದ. ಚಪ್ಪಾಳೆ ಇನ್ನೂ ಜೋರಾಯಿತು. ಮುಗಿದ ಮೇಲೆ ಜನ ಸಾಲಾಗಿ ಬಂದು ಅವನ ಕೈ ಮುಟ್ಟಿದರು. ಒಬ್ಬ ಅಜ್ಜಿ ಮೊಮ್ಮಗಳ ತಲೆಯ ಮೇಲೆ ಅವನ ಕೈ ಇಡಿಸಿದಳು. ಧ್ವನಿಮುದ್ರಣ ಕಲಿಯುವ ಇಬ್ಬರು, ಒತ್ತದೆ ಬಿಟ್ಟದ್ದು ಯಾವ ಗುಂಡಿ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು.

ಹೀಗೆ ಹೆಂಡತಿಗೆ, ನಿರ್ದೇಶಕನಿಗೆ, ತುಂಬಿದ ಸಭೆಗೆ ತಪ್ಪೊಪ್ಪಿಕೊಂಡದ್ದಾಯಿತು. ಉಳಿದವರು ಮನೆಯ ಮುಂಗೋಣೆಯಲ್ಲಿದ್ದರು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಿವಿಯಪ್ಪ ಆ ಬಾಗಿಲು ತಟ್ಟಿದ. ಮಾವ ಮಂಚದ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಕಿವಿಯಪ್ಪ ಬಾಗಿಲಿಗೆ ಒರಗಿ ನಿಂತು, ತಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಅರ್ಧದಲ್ಲೇ ಮಾವ ಕೈಯೆತ್ತಿದರು.

"ಗೊತ್ತಿತ್ತು ಬಿಡಿ. ಅವತ್ತು ಹಾಲಿನಲ್ಲೇ ನಿಮ್ಮ ಮುಖ ನೋಡಿದೆ. ಹೆಣದ ಮುಖ ಆಗಿತ್ತು."

"ಮತ್ತೆ ಯಾಕೆ ಮಾವ ಏನೂ ಅನ್ನಲಿಲ್ಲ?"

ಮಾವ ಉಗುರುಗಳನ್ನು ಕಾಗದದ ಚೂರಿನಲ್ಲಿ ಸುತ್ತಿದರು. ಹೊರಗೆ ಮಗಳ ಸದ್ದಿದೆಯೇ ಎಂದು ನೋಡಿ, ದನಿ ತಗ್ಗಿಸಿದರು. "ನನಗೆ ಎಷ್ಟು ನಿರಾಳ ಆಯ್ತು ಗೊತ್ತಾ ಅವತ್ತು? ಅವಳು ನನ್ನ ಪಕ್ಕದಲ್ಲೇ ಕೂತಿದ್ಲು. ಈಗ ಕೇಳ್ತಾಳೆ, ಈಗ ತಿರುಗಿ ನನ್ನ ಮುಖ ನೋಡ್ತಾಳೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಮಾತೇ ಬರಲಿಲ್ಲ. ನೀವು ನನ್ನ ಮಾನ ಕಾಪಾಡಿದ್ರಿ ಅಂತ ಎರಡು ಸಲ ಬಡಿಸ್ಕೊಂಡು ಊಟ ಮಾಡ್ದೆ."

ಕಿವಿಯಪ್ಪನಿಗೆ ಆಗ ಹೊಳೆಯಿತು. ಮೆಲ್ಲಗೆ ಒಳಗೆ ಬಂದು ಮಂಚದ ತುದಿಯಲ್ಲಿ ಕೂತ. "ಆ ತಪ್ಪೊಪ್ಪಿಗೆ ನಿಮ್ದೇನಾ?"

"ಇನ್ಯಾರದು? ಕಾವಲುಗಾರನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರ್ಬೇಕು." ಮಾವ ಕಾಗದದ ಪೊಟ್ಟಣವನ್ನು ಇನ್ನೊಮ್ಮೆ ಮಡಿಚಿದರು. "ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ, ಬರೆದೆ. ಸಿನಿಮಾ ಆಗಿ ಬಂದ್ರೆ ಅವಳು ಕೇಳಿಸ್ಕೊಳ್ತಾಳೆ, ಅರ್ಥ ಆದ್ರೆ ಆಗ್ಲಿ ಅಂತ. ಆಮೇಲೆ ಹೆದರಿಕೆ ಆಯ್ತು. ಈಗ ನೋಡಿ, ನಿರಾಳ ಅನ್ನೋದೂ ಪೂರ್ತಿ ಇಲ್ಲ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಶುರುವಾಯ್ತು."

ಕಿವಿಯಪ್ಪ ಮೊಣಕಾಲು ನೋಡುತ್ತ ಕೂತ. ಮಾವನ ಮಾತನ್ನು ಇನ್ನೂರು ಸಲ ಕೇಳಿಯೂ ಒಂದು ಸಲ ಕೇಳಿಸಿಕೊಂಡಿರಲಿಲ್ಲ ಎಂಬ ತಪ್ಪು, ಆ ಗುಂಡಿಯ ತಪ್ಪಿಗಿಂತ ದೊಡ್ಡದಾಗಿ ಕಂಡಿತು. "ಟ್ರ್ಯಾಕ್ ನನ್ನ ಹತ್ರ ಇದೆ ಮಾವ" ಎಂದ. "ಇವತ್ತು ಕಟ್ಟಡದಲ್ಲಿ ಯಾರೂ ಇರಲ್ಲ. ನೀವು ಹೂಂ ಅಂದ್ರೆ ಮೂರೂ ಜನ ಹೋಗಿ ಬರೋಣ. ಬೇಡ ಅಂದ್ರೆ ಬೇಡ."

ಮಾವ ಎದ್ದು ಬೇರೆ ಅಂಗಿ ಹಾಕಿಕೊಂಡರು.

ಹೆಂಡತಿಗೆ ಏನೆಂದು ಹೇಳಿರಲಿಲ್ಲ. ಸಿನಿಮಾದಲ್ಲಿ ಬಿಟ್ಟುಹೋದ ಮಾತು ಕೇಳಿಸುತ್ತೇನೆ ಬಾ ಎಂದಷ್ಟೇ ಕರೆದಿದ್ದ. ಕಪ್ಪು ಸ್ಪಂಜಿನ ಕೋಣೆಯಲ್ಲಿ ತಂದೆ ಮಗಳು ಅಕ್ಕಪಕ್ಕ ಕೂತರು. ಕಿವಿಯಪ್ಪ ಮೇಜಿನ ಮುಂದೆ, ಬೆನ್ನು ಅವರ ಕಡೆಗೆ. ತೆರೆಯ ಮೇಲೆ ಅರೆ ತೆರೆದ ಬಾಗಿಲು ಬಂತು, ಕುರ್ಚಿ ಕಿರ್ ಎಂದಿತು, ಕಾವಲುಗಾರ ಬಾಯಿಬಿಟ್ಟ.

"ಗುರುಗಳೇ, ನಾನು ಕಣ್ಣು ಮುಚ್ಚಿ ಕೂರ್ತಿದ್ದದ್ದು ನಿಜ. ಆದ್ರೆ ಮುಚ್ಚಿದ ಮೇಲೆ ಅಲ್ಲಿ ಯಾರೂ ಇರ್ತಿರಲಿಲ್ಲ. ನಿದ್ದೆ ಇರ್ತಿತ್ತು. ಒಂದಿನ ಎರಡಿನ ಅಲ್ಲ, ಮೂವತ್ತು ವರ್ಷ. ಧ್ಯಾನ ಅಂದ್ಕೊಂಡು ಎಲ್ಲರೂ ಕಾಲ್ಬೆರಳ ಮೇಲೆ ನಡೀತಿದ್ರು. ನನಗೆ ಅದರಿಂದ ಇನ್ನೂ ಚೆನ್ನಾಗಿ ನಿದ್ದೆ ಬರ್ತಿತ್ತು. ಹೇಳ್ಬೇಕು ಅಂತ ಅನ್ನಿಸ್ತಿತ್ತು, ಆದ್ರೆ ಗೌರವ ಕೊಟ್ಟ ಮೇಲೆ ಬೇಡ ಅನ್ನೋದು ಹೇಗೆ? ಕೊನೆಗೆ ನನ್ನವಳು ಹಾಸಿಗೆ ಹಿಡಿದ್ಲು. ನೀವು ಕೂತು ಬೇಡ್ಕೊಳ್ಳಿ, ನಿಮ್ಮ ಮಾತು ಅವನಿಗೆ ಕೇಳಿಸುತ್ತೆ ಅಂದ್ಲು. ಕೂತೆ. ಅವತ್ತಾದ್ರೂ ಎಚ್ಚರ ಇರ್ಬೇಕು ಅಂತ ತೊಡೆ ಚಿವುಟ್ಕೊಂಡೆ. ನಿದ್ದೆ ಬಂತು. ಎದ್ದು ನೋಡಿದ್ರೆ ಅವಳು ನನ್ನನ್ನೇ ನೋಡಿ ನಗ್ತಿದ್ಲು, ಎಷ್ಟು ನಂಬಿಕೆ ಆ ನಗೂನಲ್ಲಿ. ಮೂರನೇ ದಿನ ಹೋದ್ಲು. ನನ್ನನ್ನ ನಂಬ್ಕೊಂಡೇ ಹೋದ್ಲು. ಇದನ್ನ ಯಾರ ಹತ್ರ ಹೇಳ್ಲಿ?"

ನಲ್ಲಿಯ ಹನಿ ಬಿತ್ತು. ದೃಶ್ಯ ಮುಗಿಯಿತು. ಕಿವಿಯಪ್ಪ ತಿರುಗಲಿಲ್ಲ. ಹಿಂದಿನಿಂದ ಅಳುವಿನ ಸದ್ದು ಬಂದೀತೆಂದು ಕಾದ. ಬಂದದ್ದು ಮೂಗಿನಲ್ಲೇ ಹತ್ತಿಕ್ಕಿದ ನಗು. ತಡೆಯಲಾಗದೆ ಅದು ದೊಡ್ಡದಾಯಿತು, ಆಮೇಲೆ ಅದರೊಳಗೆ ಅಳುವೂ ಸೇರಿಕೊಂಡಿತು.

"ಅಪ್ಪ" ಎಂದಳು ಹೆಂಡತಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ನೀನು ಗೊರಕೆ ಹೊಡೀತಿದ್ದೆ."

ಮಾವ ಕದಲಲಿಲ್ಲ.

"ಈಗ್ಲೂ ಹೊಡೀತೀಯ. ದಿನಾ ಬೆಳಿಗ್ಗೆ. ನಾನು ಚಿಕ್ಕವಳಿದ್ದಾಗಿಂದ ಗೊತ್ತು."

"ನಿಮ್ಮಮ್ಮಂಗೆ?" ಮಾವನ ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು.

"ಅಮ್ಮಂಗೆ ಗೊತ್ತಿಲ್ದೆ ಏನು? ನಾನು ಒಂದ್ಸಲ ನಿನ್ನ ಎಬ್ಬಿಸೋಕೆ ಹೋಗಿದ್ದೆ. ಕೈ ಹಿಡಿದು ಎಳ್ಕೊಂಡ್ಲು. ಎಬ್ಬಿಸ್ಬೇಡ, ರಾತ್ರಿ ಪಾಳಿ ಮಾಡಿ ಬಂದಿದ್ದಾರೆ, ಮಲಗೋಕೆ ಹೋಗಿ ಅಂದ್ರೆ ಹೋಗಲ್ಲ, ದೇವರ ಹೆಸರಲ್ಲಾದ್ರೂ ಅರ್ಧ ಗಂಟೆ ಕಣ್ಣು ಮುಚ್ಲಿ ಅಂದ್ಲು."

"ಮತ್ತೆ ನನ್ನ ಮಾತು ಅವನಿಗೆ ಕೇಳಿಸುತ್ತೆ ಅಂದಿದ್ದು?"

"ನೀನು ಮೂರು ದಿನದಿಂದ ಆಸ್ಪತ್ರೆ ಕುರ್ಚೀಲಿ ಕಣ್ಣು ಮುಚ್ಚಿರಲಿಲ್ಲ ಅಪ್ಪ. ಇನ್ನೇನು ಹೇಳಿದ್ರೆ ನೀನು ಮಲಗ್ತಿದ್ದೆ?"

ಮಾವ ತೆರೆಯನ್ನೇ ನೋಡುತ್ತಿದ್ದರು. ಅದರ ಮೇಲೆ ಈಗ ಏನೂ ಇರಲಿಲ್ಲ. ಆಮೇಲೆ ಕನ್ನಡಕ ತೆಗೆದು ಮಗಳ ಕೈಗೆ ಕೊಟ್ಟರು, ಅವಳು ಅದನ್ನು ತನ್ನ ಸೆರಗಿನಲ್ಲಿ ಒರೆಸತೊಡಗಿದಳು.

ಸಿನಿಮಾದ ಪ್ರತಿ ಹಾಗೆಯೇ ಉಳಿಯಿತು. ಮುಂದೆ ಅದಕ್ಕೆ ಬಂದ ಬಹುಮಾನವನ್ನು ನಿರ್ದೇಶಕ ತೆಗೆದುಕೊಂಡ, ತೆಗೆದುಕೊಳ್ಳುವಾಗ ಮೌನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ.

ಆ ಭಾನುವಾರ ಮಾತ್ರ ಮೂವರೂ ಕೋಣೆಗೆ ಬೀಗ ಹಾಕಿ ಬೀದಿಗಿಳಿದರು. ಬಸ್ಸಿಗೆ ಕಾಯುವುದು ಬೇಡ, ನಡೆದೇ ಹೋಗೋಣ ಎಂದರು ಮಾವ, ಮಂಡಿನೋವಿನ ಮಾತೇ ಎತ್ತದೆ. ಅಂಗಡಿಗಳು ಅರ್ಧ ಮುಚ್ಚಿದ್ದವು, ಬಿಸಿಲು ಹದವಾಗಿತ್ತು. ತಂದೆ ಮಗಳು ಮುಂದೆ, ಕಿವಿಯಪ್ಪ ನಾಲ್ಕು ಹೆಜ್ಜೆ ಹಿಂದೆ.

"ಇನ್ನೇನು ಹೇಳ್ತಿದ್ಲು ನಿಮ್ಮಮ್ಮ ನನ್ನ ಬಗ್ಗೆ?" ಎಂದು ಮಾವ ಕೇಳಿದ್ದು ಅವನಿಗೆ ಕೇಳಿಸಿತು.

"ಹೇಳ್ತೀನಿ, ಕೋಪ ಮಾಡ್ಕೋಬಾರದು" ಎಂದು ಅವಳು ತಂದೆಯ ತೋಳು ಹಿಡಿದುಕೊಂಡು ಶುರು ಮಾಡಿದಳು.